ಸಾವಿರಕ್ಕೆ 6.9

ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ, ರಾಣೆಬೆನ್ನೂರು ತಾಲ್ಲೂಕು. ಇಂದು ಅದು ಪಕ್ಕದ ಜಿಲ್ಲೆ, ಅಷ್ಟೇ. ನೂರು ವರ್ಷದ ಹಿಂದೆ ತುಂಗಭದ್ರೆಯ ಆಚೆ ದಡ ಮುಂಬೈ ಪ್ರಾಂತ್ಯ, ಈಚೆ ದಡದ ಹರಿಹರ, ಮಲೆಬೆನ್ನೂರು ಮೈಸೂರು ಸಂಸ್ಥಾನ. ಹಿಂದುಳಿದವರು ಯಾರು ಎಂಬುದನ್ನು ಸರ್ಕಾರವೊಂದು ಅಳೆದು ಹೇಳಬಹುದು ಎಂಬ ವಿಚಾರ ಈಚೆ ದಡದ ರಾಜ್ಯದಲ್ಲಿ ಹುಟ್ಟಿತು. ಅದಕ್ಕೆ ಸರಿಯಾದ ಅಳತೆಗೋಲು ಹುಡುಕಿದವರು ಆಚೆ ದಡದ ರಾಣೆಬೆನ್ನೂರಿನವರು. ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು.

1918ರಲ್ಲಿ ಮೈಸೂರಿನ ಗೆಜೆಟೆಡ್ ಹುದ್ದೆಗಳ ಬಹುಪಾಲು ಬ್ರಾಹ್ಮಣರ ಕೈಯಲ್ಲಿತ್ತು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ನಾಲ್ಕರ ಆಸುಪಾಸು. ಪ್ರಜಾಮಿತ್ರ ಮಂಡಲಿಯವರು ಮಹಾರಾಜರ ಮುಂದೆ ಅಹವಾಲು ಇಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಯೋಗ್ಯತೆಯೊಂದನ್ನೇ ನೋಡಬೇಕು, ಇಲ್ಲದಿದ್ದರೆ ಆಡಳಿತ ಕೆಡುತ್ತದೆ ಎಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರ ಅಸಮಾಧಾನ ಗುಟ್ಟಾಗಿರಲಿಲ್ಲ. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮೀಸಲಾತಿಯ ಬಗ್ಗೆ ಇಂದು ಚಹಾದಂಗಡಿಯಲ್ಲಿ ಕೇಳಿಬರುವ ಎರಡೂ ವಾದಗಳು ಆಗಲೇ ಪೂರ್ತಿ ತಯಾರಾಗಿದ್ದವು.

ಮಿಲ್ಲರ್ ಸಮಿತಿಯ ಗೋಲು ಸರಳ: ಯಾವ ಸಮುದಾಯದಲ್ಲಿ ಇಂಗ್ಲಿಷ್ ಬಲ್ಲವರು ನೂರಕ್ಕೆ ಐದಕ್ಕಿಂತ ಕಡಿಮೆಯೋ ಅದು ಹಿಂದುಳಿದದ್ದು. 1921ರ ಆದೇಶ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಇಂಥವರಿಗೆ ಸಿಗಬೇಕೆಂದಿತು. ಕಚೇರಿಯಲ್ಲಿ ಅಸಮಾನತೆ ಇದೆ, ಕಚೇರಿಯ ಬಾಗಿಲು ಇಂಗ್ಲಿಷ್, ಆದ್ದರಿಂದ ಇಂಗ್ಲಿಷನ್ನೇ ಅಳೆಯೋಣ ಎಂಬ ತರ್ಕ. ಆದರೆ ಈ ಗೋಲಿನ ಕೆಳಗೆ ಲಿಂಗಾಯತ, ಒಕ್ಕಲಿಗ, ಕುರುಬ, ಬೇಡ, ಮುಸ್ಲಿಂ, ಊರ ಹೊರಗಿನ ಕೇರಿಯವರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಸಾಲಿನ ಮುಂದೆ ಯಾರಿರುತ್ತಾರೆ ಎಂದು ಯಾರೂ ಕೇಳಲಿಲ್ಲ.

ಕೇಳಿದ್ದು ನ್ಯಾಯಾಲಯ, ಅದೂ ಏಕೀಕರಣವಾದ ಮೇಲೆ. ಬ್ರಾಹ್ಮಣರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು ಎಂಬ ಲೆಕ್ಕ ಸಂವಿಧಾನದ ಮುಂದೆ ನಿಲ್ಲಲಿಲ್ಲ. 1960ರಲ್ಲಿ ಡಾ. ನಾಗನಗೌಡ ಸಮಿತಿ ಬಂತು. ಅದು ಹಿಡಿದ ಗೋಲು ಪ್ರೌಢಶಾಲೆ: ಕೊನೆಯ ಮೂರು ತರಗತಿಗಳಲ್ಲಿ ಒಂದು ಜಾತಿಯ ಎಷ್ಟು ಮಕ್ಕಳು ಓದುತ್ತಿದ್ದಾರೆ, ಆ ಜಾತಿಯ ಸಾವಿರ ಜನಕ್ಕೆ ಎಷ್ಟು? ರಾಜ್ಯದ ಸರಾಸರಿ 6.9 ಬಂತು. ಅದಕ್ಕಿಂತ ಕೆಳಗಿದ್ದವರು ಹಿಂದುಳಿದವರು, ಸರಾಸರಿಯ ಅರ್ಧಕ್ಕೂ ಕೆಳಗಿದ್ದವರು ಹೆಚ್ಚು ಹಿಂದುಳಿದವರು.

ಲಿಂಗಾಯತರ ಸಂಖ್ಯೆ 7.1.

ಸಾವಿರಕ್ಕೆ ಸೊನ್ನೆ ದಶಾಂಶ ಎರಡರಷ್ಟು ಮೇಲೆ! ಸಮಿತಿ ಅವರನ್ನು ಹೊರಗಿಟ್ಟಿತ್ತು. ಸರ್ಕಾರ 6.9 ಅನ್ನು 7 ಎಂದು ಎಣಿಸಿ, 7.1 ಅದರ ಪಕ್ಕದಲ್ಲೇ ಇದೆಯಲ್ಲ ಎಂದು ಅವರನ್ನು ಒಳಗೆ ಕರೆದುಕೊಂಡಿತು. 1962ರ ಜುಲೈ 31ರ ಆದೇಶ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು 68 ಕಾಯ್ದಿರಿಸಿತು. ಸೀಟು ತಪ್ಪಿದವರು ಸುಪ್ರೀಂ ಕೋರ್ಟಿಗೆ ಹೋದರು. ಬಾಲಾಜಿ ಪ್ರಕರಣವೆಂದು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವುದು ಇದನ್ನೇ. ಎರಡೇ ತಿಂಗಳಲ್ಲಿ ತೀರ್ಪು ಬಂತು: ಸರಾಸರಿಯ ಆಸುಪಾಸಿನಲ್ಲಿರುವವರು ಹಿಂದುಳಿದವರಲ್ಲ, ತೀರಾ ಕೆಳಗಿರಬೇಕು, ಜಾತಿಯೊಂದೇ ಗೋಲಾಗಕೂಡದು, ಬಡತನವನ್ನೂ ನೋಡಬೇಕು, ಮೀಸಲು ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು. ಶೇ. 50ರ ಗೆರೆ ಹುಟ್ಟಿದ್ದು ಹೀಗೆ, ಮೈಸೂರಿನ ಸೀಟು ಜಗಳದಲ್ಲಿ. ಅರ್ಧವೇ ಏಕೆ ಎನ್ನುವುದಕ್ಕೆ ನಾಗನಗೌಡರ ಕೋಷ್ಟಕದಂಥ ಯಾವ ಲೆಕ್ಕವೂ ತೀರ್ಪಿನಲ್ಲಿಲ್ಲ.

ಪೆಟ್ಟು ತಿಂದ ಸರ್ಕಾರ 1963ರಲ್ಲಿ ಜಾತಿಯನ್ನೇ ಕೈಬಿಟ್ಟಿತು. ಕುಟುಂಬದ ವರಮಾನ ವರ್ಷಕ್ಕೆ 1,200 ರೂಪಾಯಿ ದಾಟಬಾರದು, ಕಸುಬು ಬೇಸಾಯವೋ ಸಣ್ಣ ವ್ಯಾಪಾರವೋ ಕೈಕೆಲಸವೋ ಕೆಳದರ್ಜೆ ನೌಕರಿಯೋ ಆಗಿರಬೇಕು. ಮರುವರ್ಷ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯವೂ ಒಪ್ಪಿತು. ಜನಾಂಗವನ್ನು ಬಿಟ್ಟು ಬಡತನ ನೋಡಿ ಎಂದು ಅಮೆರಿಕದಲ್ಲಿ ಈಗ ವಾದಿಸುವವರು ಬಹಳ. ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ ಜನಾಂಗ ನೋಡಿ ಸೀಟು ಕೊಡುವುದನ್ನು ತಡೆದ ಮೇಲಂತೂ ಇನ್ನೂ ಹೆಚ್ಚು. ಆ ಪ್ರಯೋಗವನ್ನು ನಾವು ಅರವತ್ತು ವರ್ಷ ಮೊದಲೇ ಮಾಡಿ ನೋಡಿದ್ದೆವು. ಪಗಾರದ ಗುಮಾಸ್ತನ ವರಮಾನ ಕಾಗದದ ಮೇಲಿರುತ್ತದೆ, ಹೊಲದವನದು ಇರುವುದಿಲ್ಲ. ಹತ್ತೆಕರೆ ಇದ್ದವನೂ ಎರಡೆಕರೆಯವನೂ ಅರ್ಜಿಯಲ್ಲಿ ‘ಬೇಸಾಯ’ ಎಂದೇ ಬರೆಯುತ್ತಾರೆ. ಜಮೀನೂ ಇದ್ದು ತಾಲ್ಲೂಕು ಕಚೇರಿಯಲ್ಲಿ ಗುರುತಿನವರೂ ಇದ್ದವರಿಗೆ ಸರ್ಟಿಫಿಕೇಟು ಕಷ್ಟವಾಗಲಿಲ್ಲ. ಕ್ಷೌರಿಕನ ಮಗ, ಅಗಸನ ಮಗ ಹೊರಗೇ ಉಳಿದ ಎಂಬ ದೂರು ಬಲವಾಯಿತು. ನನಗೆ ಆ ದೂರು ಸರಿ ಎನಿಸುತ್ತದೆ. ಬಡತನ ಈ ವರ್ಷದ ಜೇಬನ್ನು ತೋರಿಸುತ್ತದೆ, ಅಜ್ಜನನ್ನು ಯಾರು ಶಾಲೆಯ ಒಳಗೆ ಬಿಟ್ಟರು, ಯಾರು ಬಿಡಲಿಲ್ಲ ಎಂಬುದನ್ನು ತೋರಿಸುವುದಿಲ್ಲ.

1972ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಹಿಂದುಳಿದವರನ್ನು ಗುರುತಿಸುವ ಕೆಲಸವನ್ನು ವಕೀಲ ಎಲ್.ಜಿ. ಹಾವನೂರರಿಗೆ ಒಪ್ಪಿಸಿದರು. ಹಾವನೂರರ ಹುಟ್ಟೂರು ರಾಣೆಬೆನ್ನೂರು, ಜಾತಿಯಿಂದ ಬೇಡರು. ಹಿಂದಿನವರು ಕಚೇರಿಯ ದಾಖಲೆ ನೋಡಿದ್ದರು. ಹಾವನೂರು ಆಯೋಗ ಮನೆಗಳಿಗೆ ಹೋಯಿತು. ಹಳ್ಳಿಗಳಲ್ಲೂ ಪಟ್ಟಣದ ಬ್ಲಾಕುಗಳಲ್ಲೂ ಸಮೀಕ್ಷೆ ನಡೆದು ಲಕ್ಷಗಟ್ಟಲೆ ಜನರ ವಿವರ ಸೇರಿತು. ಜೊತೆಗೆ ಗೋಲು ಬದಲಾಯಿತು. ಶಾಲೆಯಲ್ಲಿ ಹೆಸರಿರುವುದಲ್ಲ, ಪಾಸಾಗುವುದು ಮುಖ್ಯ. 1972ರ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಸಾವಿರ ಜನಕ್ಕೆ ಎಷ್ಟು? ರಾಜ್ಯದ ಸರಾಸರಿ 1.69.

ಈ ಪುಟ್ಟ ಸಂಖ್ಯೆಯ ಸುತ್ತ ಅವರು ಮೂರು ಗುಂಪು ಮಾಡಿದರು: ಹಿಂದುಳಿದ ಸಮುದಾಯ, ಹಿಂದುಳಿದ ಜಾತಿ, ಹಿಂದುಳಿದ ಬುಡಕಟ್ಟು; ಶೇ. 16, 10, 6. ಒಂದೇ ಸಾಲು ಕೊನೆಗೂ ಮೂರಾಯಿತು. 1975ರ ನವೆಂಬರಿನಲ್ಲಿ ವರದಿ ಬಂದಾಗ ಲಿಂಗಾಯತರು ಪಟ್ಟಿಯಲ್ಲಿರಲಿಲ್ಲ. ಆಗ ಎದ್ದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. 1977ರ ಫೆಬ್ರುವರಿಯ ಆದೇಶ ಒಟ್ಟು ಶೇಕಡಾವಾರನ್ನು ಏರಿಸಿ, ಜಾತಿ ನೋಡದೆ ಬಡವರಿಗೆಂದು ‘ವಿಶೇಷ ಗುಂಪು’ ಸೇರಿಸಿತು. 1963ರ ಗೋಲು ಹಿಂಬಾಗಿಲಿಂದ ಮತ್ತೆ ಒಳಬಂತು. 1985ರಲ್ಲಿ ಇದೇ ಮೀಸಲಾತಿಯ ಬಗೆಗಿನ ವಸಂತಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಐದು ಅಭಿಪ್ರಾಯ ಬರೆದರು. ಹಾವನೂರರು 1991ರಲ್ಲಿ ಸಂವಿಧಾನ ರಚನೆಗೆ ಸಲಹೆ ನೀಡಲೆಂದು ದಕ್ಷಿಣ ಆಫ್ರಿಕಕ್ಕೆ ಹೋಗಿಬಂದರು.

ಅದೇ 1991ರಲ್ಲಿ ಬೇಡ, ನಾಯಕ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಜನ ಹೆಚ್ಚಿದರು, ಪಾಲು ಶೇ. 3ರಲ್ಲೇ ನಿಂತಿತು. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡ ಶೇ. 6.95. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದಿಂದ 2019ರ ಜೂನಿನಲ್ಲಿ ಬೆಂಗಳೂರಿಗೆ ಹೊರಟ ಪಾದಯಾತ್ರೆ ಈ ಅಂಕಿಯನ್ನೇ ಹೊತ್ತು ನಡೆಯಿತು. ಇದೇ ತಾಲ್ಲೂಕಿನ ಬೆಳ್ಳೂಡಿಯಲ್ಲಿ ಕಾಗಿನೆಲೆ ಕನಕ ಗುರುಪೀಠದ ಶಾಖೆಯಿದೆ. ಕುರುಬರಿಗೆ ಎಸ್‌ಟಿ ಸ್ಥಾನ ಬೇಕು ಎಂಬುದು ಆ ಪೀಠದ ಬೇಡಿಕೆ. ಹರಿಹರದಲ್ಲಿ ಲಿಂಗಾಯತರೊಳಗಿನ ಪಂಚಮಸಾಲಿಗಳ ಪೀಠ. ಹಿಂದುಳಿದ ವರ್ಗಗಳ ಪಟ್ಟಿಯ 2ಎ ಗುಂಪಿನಲ್ಲಿ ಜಾಗ ಬೇಕು ಎಂಬ ಪಂಚಮಸಾಲಿಗಳ ಕೂಗಿಗೆ ಅಲ್ಲಿಂದಲೂ ದನಿ ಸೇರಿತು. 7.1ರೊಳಗೆ ನಮ್ಮ ಒಕ್ಕಲುತನದವರು ಎಲ್ಲಿದ್ದರು ಎಂಬುದು ಆ ಕೂಗಿನ ತಿರುಳು. ಮಲೆಬೆನ್ನೂರಿನ ಗದ್ದೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ: ಭದ್ರಾ ನಾಲೆಯ ಮೇಲ್ಭಾಗದಲ್ಲಿ ಗೇಜು ಸರಿಯಾಗಿದ್ದರೂ ಕೊನೆಭಾಗಕ್ಕೆ ನೀರು ಬಾರದೆ ಅವರು ರಸ್ತೆ ತಡೆದದ್ದುಂಟು.

ಹಾಗೆಂದು ಕೂಗಿದ ಪ್ರತಿ ಗುಂಪೂ ಕೊನೆಭಾಗದ್ದೇ ಆಗಿರಬೇಕೆಂದಿಲ್ಲ. ಅದಕ್ಕೇ ಹಾವನೂರರ ಹಾಗೆ ಮನೆಮನೆಗೆ ಹೋಗಿ ಎಣಿಸಬೇಕು. ಪೀಠದಿಂದ ಹೊರಟ ಪಾದಯಾತ್ರೆಯ ಉದ್ದ ಅಳತೆಯಾಗದು.

ರಾಜನಹಳ್ಳಿಯವರ ನಡಿಗೆಯ ನಂತರ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿ ಕೂತಿತು. 2022ರಲ್ಲಿ ಪರಿಶಿಷ್ಟ ಪಂಗಡದ ಪಾಲು 3ರಿಂದ 7ಕ್ಕೆ, ಜಾತಿಯದು 15ರಿಂದ 17ಕ್ಕೆ ಏರಿತು. ಹಿಂದುಳಿದ ವರ್ಗಗಳ 32 ಸೇರಿಸಿದರೆ 56. ಬಾಲಾಜಿ ಗೆರೆಗಿಂತ ಆರು ಹೆಚ್ಚು.