ಒಟ್ಟು ದರದೊಳಗೆ ಏನೇನು ಸೇರಿದೆ?

ನಮ್ಮ ಸದಸ್ಯರಲ್ಲಿ ಅನೇಕರು ಯಶಸ್ವಿನಿ ಯೋಜನೆಗೆ ಹಣ ಕಟ್ಟಿದ್ದಾರೆ. ಆದರೆ ಅದರಿಂದ ಆಸ್ಪತ್ರೆಯ ಯಾವ ಯಾವ ಖರ್ಚು ತೀರುತ್ತದೆಂಬುದನ್ನು ಬಲ್ಲವರು ಕಡಿಮೆ. ಪರ್ಕಳದವರಿಗೆ ಮಣಿಪಾಲ ಹತ್ತಿರ. ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಬಿಲ್ಲು ಹಗುರವಾಗದು. ಆದುದರಿಂದ ಈ ವಿವರಣೆ.

ಆಸ್ಪತ್ರೆಯ ಬಿಲ್ಲಿನಲ್ಲಿ ವೈದ್ಯರ ಸಂಭಾವನೆ ಒಂದು ಬಾಬು. ಆಪರೇಷನ್ ಕೊಠಡಿಯ ಬಾಡಿಗೆ, ಹಾಸಿಗೆ, ದಾದಿಯರ ಶುಶ್ರೂಷೆ ಎಂದು ಆಸ್ಪತ್ರೆಯ ಸೌಕರ್ಯಗಳಿಗೆ ಹಾಕುವ ಶುಲ್ಕ ಇನ್ನೊಂದು. ಅಡಿಕೆಯ ಧಾರಣೆ ಬೇರೆ, ಹಮಾಲಿ ಮತ್ತು ತೂಕದ ಕೂಲಿ ಬೇರೆ ಇದ್ದಂತೆ. ಲೆಕ್ಕ ಹಿಗ್ಗುವುದು ಬಿಡಿ ಬಾಬುಗಳಲ್ಲಿಯೇ ಎಂಬುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿ ಶೆಟ್ಟಿಯವರ ಸಲಹೆಯಂತೆ ಸಹಕಾರಿ ರೈತರಿಗಾಗಿ 2003ರ ಜೂನ್ 1ರಂದು ಯಶಸ್ವಿನಿ ಜಾರಿಗೆ ಬಂತು. ಮೊದಲ ವರ್ಷ ತಲೆಯೊಂದಕ್ಕೆ ಕೇವಲ 60 ರೂ. ಇಷ್ಟು ಅಲ್ಪ ಹಣದಲ್ಲಿ ಯೋಜನೆ ನಿಂತದ್ದಕ್ಕೆ ಸರಕಾರದ ನೆರವಿನ ಜೊತೆಗೆ ಮತ್ತೊಂದು ಕಾರಣ, ಬಿಡಿ ಬಿಲ್ಲಿಗೆ ಅವಕಾಶವಿಲ್ಲದಿದ್ದುದು. ಸುಮಾರು 1,600 ಶಸ್ತ್ರಚಿಕಿತ್ಸೆಗಳಿಗೆ ಒಂದೊಂದಕ್ಕೂ ಒಟ್ಟು ದರ ನಿಗದಿಯಾಗಿತ್ತು. ಶಸ್ತ್ರವೈದ್ಯರ ಫೀಸು, ಅರಿವಳಿಕೆ, ಆಪರೇಷನ್ ಕೊಠಡಿ, ಔಷಧ, ಸಾಮಾನ್ಯ ವಾರ್ಡಿನ ಹಾಸಿಗೆ ಎಲ್ಲವೂ ಅದರೊಳಗೇ. ಗಿಡ ಲೆಕ್ಕವಿಲ್ಲದೆ ಇಡೀ ತೋಟದ ಕೊಯ್ಲನ್ನು ಗುತ್ತಿಗೆಗೆ ಕೊಟ್ಟ ಹಾಗೆ!

2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾಗಿದ್ದ ಯೋಜನೆ 2023ರ ಜನವರಿ 1ರಿಂದ ಪುನಃ ಆರಂಭವಾಯಿತು. ಆಗ ಗ್ರಾಮಾಂತರದಲ್ಲಿ ನಾಲ್ವರ ಕುಟುಂಬಕ್ಕೆ 500 ರೂ. ವಂತಿಗೆ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಲಾಯಿತು.

ಅಮೆರಿಕದಂಥ ಸಿರಿವಂತ ದೇಶಕ್ಕೂ ಈ ತಲೆನೋವು ತಪ್ಪಿಲ್ಲ. ಅಲ್ಲಿ ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್, ವೈದ್ಯರ ಸ್ವಂತ ಕ್ಲಿನಿಕ್ಕಿನ ತಪಾಸಣೆಗಿಂತ ಆಸ್ಪತ್ರೆಯ ಹೆಸರಿನಲ್ಲಿ ನಡೆದ ಅದೇ ತಪಾಸಣೆಗೆ ಸೌಕರ್ಯ ಶುಲ್ಕವೆಂದು ಹೆಚ್ಚು ಹಣ ಕೊಡುತ್ತಿತ್ತು. ಆಸ್ಪತ್ರೆಗಳು ಆವರಣದ ಹೊರಗೆ ಹೊಸದಾಗಿ ತೆರೆಯುವ ವಿಭಾಗಗಳ ಮಟ್ಟಿಗೆ ಇದನ್ನು 2015ರ ಕಾನೂನು ಮೊಟಕುಗೊಳಿಸಿತು.

ಆಸ್ಪತ್ರೆಯವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಸಂಬಳ, ವಿದ್ಯುತ್ತು, ಸಲಕರಣೆಗಳ ಬೆಲೆ ಏರುತ್ತಿರುವಾಗ ಒಟ್ಟು ದರ ನಿಂತಲ್ಲೇ ನಿಂತರೆ ಅವರು ಯೋಜನೆಯಿಂದ ದೂರ ಸರಿದಾರು. ಆಗ ನಮ್ಮ ಕೈಯಲ್ಲಿ ಕಾರ್ಡು ಉಳಿದೀತು, ಹಾಸಿಗೆ ಸಿಗದು. ದರವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದೇ ನ್ಯಾಯ. ಬಿಡಿ ಬಾಬುಗಳನ್ನು ಹಿಂಬಾಗಿಲಿನಿಂದ ಒಳಬಿಡುವುದಲ್ಲ.

ಸದಸ್ಯರು ದಾಖಲಾಗುವಾಗಲೇ ಯೋಜನೆಯ ಕಾರ್ಡನ್ನು ತೋರಿಸಿ, ಮಂಜೂರಾತಿ ಬಂದಿದೆಯೇ ಎಂದು ವಿಚಾರಿಸತಕ್ಕದ್ದು. ದರ ನಿಗದಿಯಾಗಿರುವುದು ಸಾಮಾನ್ಯ ವಾರ್ಡಿಗೆ. ಪ್ರತ್ಯೇಕ ಕೋಣೆ ಬೇಕೆನ್ನುವವರು ಕೈಯಿಂದ ಎಷ್ಟು ಕೊಡಬೇಕಾದೀತೆಂದು ಮೊದಲೇ ಬರೆಸಿಕೊಳ್ಳಲಿ.