ಕಾಣೆ ಮೀನು

ನಮ್ಮ ಕರಾವಳಿಯ ನದಿಗಳು ಕಡಲನ್ನು ಕೂಡುವ ಸ್ಥಳಕ್ಕೆ ಅಳಿವೆ ಎಂದು ಹೆಸರು. ಇಳಿತದ ಹೊತ್ತಿನಲ್ಲಿ ಅಳಿವೆಯ ದಂಡೆಯ ಮೇಲೆ ನಿಂತು ನೋಡಿದರೆ, ಮೊಣಕಾಲಿನಷ್ಟು ಆಳದ ತಿಳಿನೀರಿನ ಕೆಳಗೆ ಬರಿಯ ಮರಳು ಕಾಣುತ್ತದೆ. ಅಲ್ಲಿ ಜೀವವೇ ಇಲ್ಲವೆಂದು ಹೊಸಬರಿಗೆ ತೋರಬಹುದು. ನುರಿತ ಮೀನುಗಾರನಿಗೆ ಮಾತ್ರ ನಿಜ ತಿಳಿದಿದೆ. ಬಲೆ ಸಮೀಪಿಸಿದೊಡನೆ ಮರಳನ್ನು ಹೊಕ್ಕು ಮರೆಯಾಗುವ ಮೀನೊಂದು ಅಲ್ಲಿದೆ. ಕರಾವಳಿಯ ಜನ ಅದನ್ನು ಕಾಣೆ ಎನ್ನುತ್ತಾರೆ. ಕೊಂಕಣಿಯಲ್ಲಿ ಅದು ನೋಗ್ಲಿ, ತಮಿಳಿನಲ್ಲಿ ಕಿಳಂಗಾನ್.

ಈ ಮೀನಿಗೆ ಶಾಸ್ತ್ರೀಯ ನಾಮಕರಣವಾದ ಕಥೆ ಕರುಣಾಜನಕವಾದುದು. 1761ರಲ್ಲಿ ಡೆನ್ಮಾರ್ಕಿನ ರಾಜನು ಅರೇಬಿಯಾ ದೇಶಕ್ಕೆ ಒಂದು ಅನ್ವೇಷಕ ತಂಡವನ್ನು ಕಳುಹಿಸಿದನು. ಸುಪ್ರಸಿದ್ಧ ವಿಜ್ಞಾನಿ ಲಿನೇಯಸನ ಶಿಷ್ಯನಾದ ಪೀಟರ್ ಫಾರ್ಸ್ಕಾಲ್ ಆ ತಂಡದ ಜೀವವಿಜ್ಞಾನಿ. ಅವನು ಕೆಂಪು ಸಮುದ್ರದ ಮೀನುಗಳನ್ನು ಸಂಗ್ರಹಿಸಿ ವಿವರಗಳನ್ನು ಬರೆದಿಟ್ಟನು. ಆದರೆ 1763ರಲ್ಲಿ ಯೆಮನ್‌ನಲ್ಲಿ ಮಲೇರಿಯಾಕ್ಕೆ ಬಲಿಯಾದನು. ತಂಡದ ಆರು ಮಂದಿಯಲ್ಲಿ ಜೀವಸಹಿತ ಹಿಂದಿರುಗಿದವನು ಕಾರ್ಸ್ಟೆನ್ ನೀಬೂರ್ ಒಬ್ಬನೇ. ಅವನು ಗೆಳೆಯನ ಬರಹಗಳನ್ನು 1775ರಲ್ಲಿ ಅಚ್ಚು ಹಾಕಿಸಿದನು. ‘ಸಿಹಾಮ’ ಎಂಬ ಹೆಸರು ಆ ಗ್ರಂಥದಲ್ಲಿದೆ. ಫಾರ್ಸ್ಕಾಲ್ ಈ ಮೀನನ್ನು ಬೇರೊಂದು ಜಾತಿಗೆ ಸೇರಿಸಿದ್ದನು. ಮುಂದೆ ಫ್ರಾನ್ಸಿನ ಕ್ಯೂವಿಯೇ ಎಂಬ ಪ್ರಾಣಿಶಾಸ್ತ್ರಜ್ಞನು ಇಂತಹ ಮೀನುಗಳಿಗಾಗಿ ‘ಸಿಲ್ಲಾಗೊ’ ಎಂಬ ಪ್ರತ್ಯೇಕ ಜಾತಿಯನ್ನು ಏರ್ಪಡಿಸಿದನು. ಹೀಗೆ ನಮ್ಮ ಕಾಣೆಯು ‘ಸಿಲ್ಲಾಗೊ ಸಿಹಾಮ’ ಆಯಿತು.

ಜೀವಿಗಳ ವರ್ಗೀಕರಣದಲ್ಲಿ ಹಲವು ಪ್ರಭೇದಗಳು ಸೇರಿ ಒಂದು ಜಾತಿ, ಹಲವು ಜಾತಿಗಳು ಸೇರಿ ಒಂದು ಕುಟುಂಬ. ಕಾಣೆಯ ಕುಟುಂಬಕ್ಕೆ ‘ಸಿಲ್ಲಾಜಿನಿಡೀ’ ಎಂದು ಹೆಸರು. ಇದರಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ; ಬಹುಪಾಲು ಸಿಲ್ಲಾಗೊ ಜಾತಿಗೇ ಸೇರಿವೆ. ನೀಳವಾದ ಬೆಳ್ಳಿಬಣ್ಣದ ದೇಹ, ಚೂಪಾದ ಮೂತಿ, ಅದರ ತುದಿಯಲ್ಲಿ ಪುಟ್ಟ ಬಾಯಿ, ಬೆನ್ನಿನ ಮೇಲೆ ಎರಡು ಈಜುರೆಕ್ಕೆಗಳು: ಇವು ಕುಟುಂಬದ ಲಕ್ಷಣಗಳು. ಆಫ್ರಿಕಾದ ಪೂರ್ವ ತೀರದಿಂದ ಜಪಾನ್ ಮತ್ತು ಆಸ್ಟ್ರೇಲಿಯಾಗಳವರೆಗೆ ಇವುಗಳ ವಾಸ. ಅಮೆರಿಕದ ತೀರಗಳಲ್ಲಿ ಇವು ಇಲ್ಲ. ಬಂಗಾಳ ಕೊಲ್ಲಿಯ ಅಳಿವೆಗಳಲ್ಲಿ ಚಪ್ಪಟೆ ತಲೆಯ, ಸಣ್ಣ ಕಣ್ಣಿನ ಬಂಧುವೊಂದಿದೆ. ಆಸ್ಟ್ರೇಲಿಯಾದ ದಕ್ಷಿಣ ತೀರದ ಮತ್ತೊಂದು ಬಂಧುವು ಎಪ್ಪತ್ತು ಸೆಂಟಿಮೀಟರಿನಷ್ಟು ಉದ್ದ ಬೆಳೆಯುತ್ತದೆ. ಕುಟುಂಬದಲ್ಲಿ ಅದೇ ದೊಡ್ಡದು.

ಹೊರನೋಟಕ್ಕೆ ಈ ಮೀನುಗಳು ಒಂದನ್ನೊಂದು ಬಹಳವಾಗಿ ಹೋಲುತ್ತವೆ. ಹಾಗಾದರೆ ಪ್ರಭೇದಗಳನ್ನು ಗುರುತಿಸುವುದು ಹೇಗೆ? ಉತ್ತರವು ಮೀನಿನ ಹೊಟ್ಟೆಯೊಳಗಿದೆ. ನೀರಿನಲ್ಲಿ ತೇಲಲು ನೆರವಾಗುವ ಗಾಳಿಚೀಲದ ಆಕಾರವು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ನಮ್ಮ ಕಾಣೆಯಲ್ಲಿ ಆ ಚೀಲಕ್ಕೆ ಬಾಲದತ್ತ ಚಾಚಿದ ಎರಡು ಕವಲುಗಳಿವೆ. ಬೇರೆ ಕೆಲವು ಪ್ರಭೇದಗಳಲ್ಲಿ ಒಂದೇ ಇದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಕೆಂಪು ಸಮುದ್ರದ ಕಾಣೆಯೊಂದು ಮೆಡಿಟರೇನಿಯನ್ ಸಮುದ್ರವನ್ನು ಸೇರಿತು. ಅದನ್ನು ಬಹುಕಾಲ ಸಿಹಾಮವೆಂದೇ ಭಾವಿಸಿದ್ದರು. ಅದು ಬೇರೆಯೇ ಪ್ರಭೇದವೆಂದು 2013ರಲ್ಲಿ ವಿಜ್ಞಾನಿಗಳು ನಿರ್ಣಯಿಸಿ ಹೊಸ ಹೆಸರಿಟ್ಟರು. ಇದು ಕೇವಲ ಹೆಸರಿನ ಚರ್ಚೆಯಲ್ಲ. ಎರಡನ್ನು ಒಂದೇ ಎಂದು ಎಣಿಸಿದರೆ, ಅವುಗಳಲ್ಲೊಂದು ನಶಿಸಿದರೂ ನಮಗೆ ತಿಳಿಯುವುದಿಲ್ಲ.

ಕಾಣೆಯ ಬಾಳು ಮರಳನ್ನೇ ಅವಲಂಬಿಸಿದೆ. ಮರಳಿನಲ್ಲಿ ವಾಸಿಸುವ ಹುಳುಗಳು, ಸಣ್ಣ ಸಿಗಡಿಗಳು, ಎಳೆಯ ಏಡಿಗಳು ಅದರ ಆಹಾರ. ಮರಳೇ ಅದಕ್ಕೆ ಉಣಿಸಿನ ಕಣಜ, ಮರಳೇ ಅಡಗುವ ಮನೆ. ಅದರ ಮರಿಗಳು ಅಳಿವೆಯ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ. ಅಲ್ಲಿನ ನೀರು ಮಳೆಗಾಲದಲ್ಲಿ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಈ ಏರಿಳಿತವನ್ನು ತಾಳಿಕೊಳ್ಳುವ ಶಕ್ತಿಯನ್ನು ಪ್ರಕೃತಿ ಕಾಣೆಗೆ ಕೊಟ್ಟಿದೆ.

ಆದರೆ ಮರಳೇ ಇಲ್ಲವಾದರೆ ತಾಳಿಕೊಳ್ಳುವ ಶಕ್ತಿಯನ್ನು ಪ್ರಕೃತಿ ಅದಕ್ಕೆ ಕೊಟ್ಟಿಲ್ಲ. ಮನೆ, ಸೇತುವೆಗಳನ್ನು ಕಟ್ಟಲು ಮರಳು ಬೇಕು, ನಿಜ. ಅಳಿವೆಯ ಮರಳನ್ನು ಮಿತಿಮೀರಿ ಬಾಚಿದಾಗ ಅದರೊಡನೆ ಹುಳುಗಳೂ ಸಿಗಡಿಗಳೂ ಹೋಗುತ್ತವೆ. ತಳ ಆಳವಾಗಿ ಮರಿಗಳ ಆಸರೆ ತಪ್ಪುತ್ತದೆ. ಸಣ್ಣ ಕಣ್ಣಿನ ಬಲೆಗಳು ಬಲಿಯುವ ಮೊದಲೇ ಮರಿಗಳನ್ನು ಬಾಚುತ್ತವೆ. ನಷ್ಟ ಮೀನಿಗೆ ಮಾತ್ರವಲ್ಲ. ದಿನದ ಗಂಜಿಗಾಗಿ ದೋಣಿಯನ್ನೂ ಕೈಬಲೆಯನ್ನೂ ನಂಬಿದ ಕುಟುಂಬಗಳಿಗೂ ಉಂಟು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಇದು ಸಮಾಧಾನದ ಸಂಗತಿ. ಆದರೆ ಪಟ್ಟಿಯೊಂದೇ ಅಳಿವೆಯನ್ನು ಕಾಯಲಾರದು. ಅದರ ದಂಡೆಯ ಜನರೂ ಕಾಯಬೇಕು.

ಮರಳಿನಲ್ಲಿ ಅಡಗಿ ಕ್ಷಣಕಾಲ ಕಾಣದಂತಾಗುವುದು ಈ ಮೀನಿನ ಜಾಣ್ಮೆ. ಅದು ಎಂದೆಂದಿಗೂ ಕಾಣದಂತಾದರೆ ಅದು ನಮ್ಮ ಅವಿವೇಕ.