ತಿರುವುಗಳ ಪಂದ್ಯ

ಎದುರುಗಾಳಿಯಲ್ಲಿ ಸೈಕಲ್ ತುಳಿದವರೆಲ್ಲರೂ ಒಂದು ಸಂಗತಿಯನ್ನು ಅನುಭವದಿಂದ ಅರಿತಿರುತ್ತಾರೆ: ಮುಂದಿನವನ ಮರೆಯಲ್ಲಿ ಸಾಗುವುದು ಸುಲಭ. ಹಾಗಿದ್ದಲ್ಲಿ, ಪಂದ್ಯದಲ್ಲಿಯೂ ಎಲ್ಲರಿಗಿಂತ ಹಿಂದಿರುವವನಿಗೇ ಹೆಚ್ಚಿನ ಅನುಕೂಲವಿರಬೇಕಲ್ಲವೆ? ಉದ್ದನೆಯ ನೇರ ಹಾದಿಯಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ ಕ್ರೈಟೀರಿಯಂ ಎಂಬ ಪಂದ್ಯದಲ್ಲಿ ಗುಂಪಿನ ಬಾಲದಲ್ಲಿರುವವನೇ ಬೇಗ ದಣಿಯುತ್ತಾನೆ. ಈ ವಿಚಿತ್ರಕ್ಕೆ ಕಾರಣವೇನೆಂಬುದನ್ನು ನಾವೀಗ ವಿಚಾರಮಾಡೋಣ.

ಊರೊಳಗಿನ ಕೆಲವು ಬೀದಿಗಳಲ್ಲಿ ವಾಹನಸಂಚಾರವನ್ನು ತಡೆದು, ಒಂದೆರಡು ಕಿಲೋಮೀಟರುಗಳ ಹಾದಿಯನ್ನು ಹತ್ತಾರು ಸಲ ಸುತ್ತುವ ಪಂದ್ಯಕ್ಕೆ ಈ ಹೆಸರು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಸಾಮರ್‌ವಿಲ್ ಪಟ್ಟಣದಲ್ಲಿ 1940ರ ಮೇ ತಿಂಗಳ ಕೊನೆಯಲ್ಲಿ, ಬೇಸಗೆ ಕಾಲಿಡುವ ಹೊತ್ತಿಗೆ, ಆರಂಭವಾದ 50 ಮೈಲಿಗಳ ಪಂದ್ಯ ಇಂತಹವುಗಳಲ್ಲಿ ಪ್ರಸಿದ್ಧವಾದುದು. ಮೊದಲೆರಡು ವರ್ಷ ಗೆದ್ದ ಫರ್ಮನ್ ಕುಗ್ಲರ್, 1942ರಲ್ಲಿ ಗೆದ್ದ ಕಾರ್ಲ್ ಆಂಡರ್ಸನ್ ಇಬ್ಬರೂ ಎರಡನೆಯ ಮಹಾಯುದ್ಧದಲ್ಲಿ ಮಡಿದರು. ಮುಂದೆ ಪಂದ್ಯಕ್ಕೆ ಅವರ ಹೆಸರನ್ನೇ ಇಡಲಾಯಿತು.

ಇಂತಹ ಪಂದ್ಯಗಳಿಗೆ ಹವ್ಯಾಸಿಗಳು ಬಹುಸಂಖ್ಯೆಯಲ್ಲಿ ಬರುತ್ತಾರೆ. ವಾರವೆಲ್ಲ ಬೇರೆ ಉದ್ಯೋಗದಲ್ಲಿದ್ದು, ಬಿಡುವಿನಲ್ಲಿ ಅಭ್ಯಾಸಮಾಡಿ ಬಂದವನು ಒಮ್ಮೆ ಗುಂಪಿನಿಂದ ಕಳಚಿಕೊಂಡನೆಂದರೆ ಅವನ ಪಂದ್ಯ ಮುಗಿದಂತೆಯೇ. ಮುಂದಿನವರು ಇಡೀ ಸುತ್ತು ತಿರುಗಿಬಂದು ಅವನನ್ನು ಹಿಂದೆ ಹಾಕುವ ಮೊದಲೇ ತೀರ್ಪುಗಾರರು ಅವನನ್ನು ಹೊರಕ್ಕೆ ಕರೆಯುವುದುಂಟು.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶ್ರಮದ ಬಹುಭಾಗ ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿಯೂ, ಅದನ್ನೆದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿಯೂ ಏರುತ್ತವೆ. ಎಂದರೆ, ವೇಗ ಇಮ್ಮಡಿಯಾಗಬೇಕಾದರೆ ಸಾಮರ್ಥ್ಯ ಎಂಟುಮಡಿಯಾಗಬೇಕು. ಮುಂದಿನವನ ಚಕ್ರವನ್ನು ಹತ್ತಿರದಿಂದ ಹಿಂಬಾಲಿಸುವವನಿಗೆ ಈ ಶ್ರಮದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ಆದುದರಿಂದಲೇ ಎಲ್ಲರೂ ಗುಂಪಾಗಿ ಸಾಗುತ್ತಾರೆ.

ಇನ್ನು ತಿರುವಿಗೆ ಬರೋಣ. ಚಲಿಸುವ ವಸ್ತುವಿನ ಹಾದಿಯನ್ನು ಬಾಗಿಸಲು ವೃತ್ತಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ಲಿಗೆ ಅದು ದೊರೆಯುವುದು ಟಯರಿಗೂ ರಸ್ತೆಗೂ ನಡುವಣ ಘರ್ಷಣೆಯಿಂದ. ಈ ಬಲ ಚಕ್ರದ ತಳದಲ್ಲಿ ವರ್ತಿಸುವುದರಿಂದ, ಸವಾರನು ಒಳಮಗ್ಗುಲಿಗೆ ವಾಲದಿದ್ದರೆ ಹೊರಕ್ಕೆ ಉರುಳುತ್ತಾನೆ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು 32 ಡಿಗ್ರಿ ವಾಲಬೇಕು. 50 ಕಿಲೋಮೀಟರ್ ಆದರೆ 44 ಡಿಗ್ರಿಗೂ ಮಿಗಿಲಾಗಿ. ಆಗ ಬೇಕಾಗುವ ಘರ್ಷಣಬಲ ಸವಾರನ ಮತ್ತು ಸೈಕಲ್ಲಿನ ಒಟ್ಟು ಭಾರಕ್ಕೆ ಹೆಚ್ಚುಕಡಮೆ ಸಮ. ಒಣಗಿದ ಡಾಂಬರು ರಸ್ತೆಯಲ್ಲಿಯೂ ಅಷ್ಟು ದೊರೆಯುವ ಭರವಸೆಯಿಲ್ಲ. ಮರಳೋ ನೀರೋ ಇದ್ದರಂತೂ ಬೀಳುವುದು ಖಂಡಿತ. ಆದ್ದರಿಂದ ತಿರುವಿನಲ್ಲಿ ವೇಗ ತಗ್ಗಿಸಲೇಬೇಕು.

ತೊಂದರೆ ಹುಟ್ಟುವುದು ಇಲ್ಲಿಯೇ. ಮುಂದಾಳು ತನಗೆ ಬೇಕಾದ ದಾರಿಯನ್ನು ಆರಿಸಿಕೊಂಡು ವೇಗವನ್ನು ಸ್ವಲ್ಪವೇ ತಗ್ಗಿಸುತ್ತಾನೆ. ಅವನ ಹಿಂದಿನವನು ಡಿಕ್ಕಿಯಾಗದಂತೆ ತುಸು ಹೆಚ್ಚು ಬ್ರೇಕು ಹಾಕುತ್ತಾನೆ. ಅವನ ಹಿಂದಿನವನು ಇನ್ನೂ ಹೆಚ್ಚು. ಬಾಲದವನು ಇನ್ನೂ ತಿರುವಿನೊಳಗಿರುವಾಗಲೇ ಮುಂದಾಳು ಹೊರಬಂದು ವೇಗ ಹೆಚ್ಚಿಸಿರುತ್ತಾನೆ. ಗುಂಪು ಹಾರ್ಮೋನಿಯಮ್ಮಿನ ತಿದಿಯಂತೆ ಕುಗ್ಗಿ ಹಿಗ್ಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಸವಾರ, ಸೈಕಲ್ ಸೇರಿ 75 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರಿಗೆ ಇಳಿದ ವೇಗವನ್ನು ಮತ್ತೆ 40ಕ್ಕೆ ಏರಿಸಲು ಸುಮಾರು 880 ಜೂಲ್ ಚಲನಶಕ್ತಿ ಸಾಕು. 28ಕ್ಕೆ ಇಳಿದವನಿಗಾದರೋ ಸುಮಾರು 2,360 ಜೂಲ್ ಬೇಕು. ನಾಲ್ಕು ತಿರುವುಗಳ ಹಾದಿಯನ್ನು 30 ಸಲ ಸುತ್ತಿದರೆ ಈ ದಂಡ 120 ಬಾರಿ ತೆರಬೇಕಾಗುತ್ತದೆ. ಗಾಳಿಯ ಮರೆಯಲ್ಲಿ ಉಳಿಸಿದುದನ್ನು ಅವನು ತಿರುವುಗಳಲ್ಲಿ ಕಳೆದುಕೊಳ್ಳುತ್ತಾನೆ.

ಬೇಸಗೆಯಲ್ಲಿ ಈ ದಂಡ ಇನ್ನೂ ಭಾರಿಯಾದುದು. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಮಾತ್ರ ಕೆಲಸವಾಗುತ್ತದೆ, ಮಿಕ್ಕುದು ಶಾಖ. 250 ವ್ಯಾಟ್ ಸಾಮರ್ಥ್ಯದಿಂದ ತುಳಿಯುವವನ ಮೈಯಲ್ಲಿ ಸುಮಾರು 750 ವ್ಯಾಟ್ ಶಾಖ ಹುಟ್ಟುತ್ತದೆ. ಅದೆಲ್ಲವನ್ನೂ ಬೆವರೇ ಹೊರಹಾಕಬೇಕಾದರೆ ಗಂಟೆಗೆ ಒಂದು ಲೀಟರಿಗೂ ಮಿಕ್ಕು ಬೆವರು ಆವಿಯಾಗಬೇಕು. ಹೆಚ್ಚು ಶ್ರಮಿಸುವ ಬಾಲದವನಿಗೆ ಬಿಸಿಲೂ ಹೆಚ್ಚಾಗಿಯೇ ತಾಕುತ್ತದೆ.

ಆದುದರಿಂದ ಅನುಭವಿಯಾದ ಸವಾರನು ಎಲ್ಲರಿಗಿಂತ ಮುಂದೆಯೂ ಇರುವುದಿಲ್ಲ, ಹಿಂದೆಯೂ ಉಳಿಯುವುದಿಲ್ಲ. ಗಾಳಿಯ ಮರೆ ದೊರೆತು, ತಿದಿಯ ಎಳೆತ ತಟ್ಟದ ಮೊದಲ ಹತ್ತರೊಳಗಿನ ಸ್ಥಾನವನ್ನು ಕಾಯ್ದುಕೊಳ್ಳುತ್ತಾನೆ. ವಾಚಕರು ಎಂದಾದರೂ ಇಂತಹ ಪಂದ್ಯ ನೋಡಹೋದರೆ ಗೆಲುವಿನ ಗೆರೆಯ ಬಳಿ ನಿಲ್ಲದೆ, ತಿರುವೊಂದರ ಬಳಿ ಅಪಾಯವಿಲ್ಲದಷ್ಟು ದೂರದಲ್ಲಿ ನಿಂತು, ಕೊನೆಯ ಸವಾರನನ್ನು ಗಮನಿಸಲಿ. ನ್ಯೂಟನ್ನನ ನಿಯಮಗಳು ಅವನ ಮುಖದಲ್ಲಿಯೇ ಕಾಣುತ್ತವೆ.